ಅರವತ್ತಡಿ ದೂರದ ಚೆಂಡು

ಮೇ 19, 1983. ಗುರುವಾರ, ಬೆಳಿಗ್ಗೆ

ಮೊಣಕಾಲಿಗೆ ಐಸ್. ಬಲಕ್ಕೆ ಇಪ್ಪತ್ತು ನಿಮಿಷ, ಎಡಕ್ಕೆ ಹದಿನೈದು. ಡೋರೀನ್ ಕೆಲಸಕ್ಕೆ ಹೋದಳು — ಆಸ್ಪತ್ರೆ ಕ್ಯಾಂಟೀನು, ಏಳರಿಂದ ಮೂರು. ಮೊಟ್ಟೆ ಬೇಯಿಸಿಟ್ಟಿದ್ದಾಳೆ. ತಿಂದೆ.

ನಿನ್ನೆ ಗೆದ್ದೆವು. 5–2. ನಮ್ಮ ಬೇಸ್‌ಬಾಲ್ ತಂಡದ ಪಿಚರ್ ಎಲಾಡಿಯೊ ಎಂಟು ಇನ್ನಿಂಗ್ಸ್ ಎಸೆದ. ಇಪ್ಪತ್ತರ ಹುಡುಗ, ಡೊಮಿನಿಕನ್, ಇಂಗ್ಲಿಷ್ ಅರ್ಧಂಬರ್ಧ. ಆದರೆ ಆ ಕೈ... ಅವನ ಚೆಂಡು ಹಿಡಿದ ದಿನ ನನ್ನ ಎಡ ಅಂಗೈ ಸಂಜೆಯವರೆಗೂ ಕೆಂಪು. ಇಂಥವನನ್ನು ಕಾರ್ವೆಲ್‌ನಂಥ ಊರಿನಲ್ಲಿ ಬಹಳ ದಿನ ಬಿಡುವುದಿಲ್ಲ. ಮೇಲೆ, ದೊಡ್ಡ ಲೀಗಿಗೆ, ಕರೆದುಕೊಳ್ಳುತ್ತಾರೆ. ಅವನನ್ನು ತಿದ್ದಿ ಮೇಲೆ ಕಳಿಸುವುದಕ್ಕೇ ನನ್ನನ್ನು ಇಲ್ಲಿ ಇಟ್ಟುಕೊಂಡಿರುವುದು. ಯಾರೂ ಬಾಯಿಬಿಟ್ಟು ಹೇಳಿಲ್ಲ. ಕ್ಯಾಚರ್‌ಗೆ ಇಪ್ಪತ್ತೊಂಬತ್ತು ತುಂಬಿ, ಇನ್ನೂ ಕೆಳಗಿನ ಲೀಗಿನಲ್ಲೇ ಇದ್ದರೆ ಹೇಳಬೇಕಾಗಿಯೂ ಇಲ್ಲ.

ಏಳನೇ ಇನ್ನಿಂಗ್ಸ್‌ನಲ್ಲಿ ಒಂದು ತಮಾಷೆ. ಚೆಂಡನ್ನು ಎಲಾಡಿಯೊಗೆ ವಾಪಸ್ ಎಸೆದೆ, ಅವನ ತಲೆಯ ಮೇಲೆ ಹಾರಿ ಹಿಂದೆ ಹುಲ್ಲಿನಲ್ಲಿ ಬಿತ್ತು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಈ ಪುಸ್ತಕದ ಮುಂದಿನ ಅರ್ಧ ಬ್ಯಾಟರ್‌ಗಳಿಗೆ — ಯಾರು ಮೊದಲ ಚೆಂಡಿಗೇ ಬೀಸುತ್ತಾನೆ, ಯಾರಿಗೆ ಚೆಂಡು ಮೈ ಹತ್ತಿರ ಬಂದರೆ ಆಗುವುದಿಲ್ಲ. ಹಿಂದಿನ ಅರ್ಧ ನನಗೆ, ಲೈಲ್ ಹಾರ್ಟ್‌ವಿಗ್‌ಗೆ.

ಮೇ 22. ಭಾನುವಾರ

ಮತ್ತೆ. ಮೂರು ಸಲ. ಒಂದು ನೆಲಕ್ಕೆ ಬಡಿಯಿತು, ಎರಡು ಮೇಲೆ ಹೋದವು.

ಬರೆದು ನೋಡುತ್ತೇನೆ, ಏನಾಗುತ್ತದೆ ಅಂತ. ಬ್ಯಾಟರ್‌ನ ಹಿಂದೆ ಕುಕ್ಕರಗಾಲಿನಲ್ಲಿ ಕೂತಿರುತ್ತೇನೆ. ಪಿಚರ್ ಎಸೆಯುತ್ತಾನೆ, ಹಿಡಿಯುತ್ತೇನೆ. ಅದನ್ನು ಅವನಿಗೆ ವಾಪಸ್ ಕೊಡಬೇಕು. ಅರವತ್ತು ಅಡಿ. ಒಂದು ಆಟಕ್ಕೆ ನೂರು, ನೂರಿಪ್ಪತ್ತು ಸಲ. ಒಂಬತ್ತು ವರ್ಷದಿಂದ ಕೊಡುತ್ತಿದ್ದೇನೆ, ಒಮ್ಮೆಯೂ ಅದರ ಬಗ್ಗೆ ಯೋಚಿಸಿದವನಲ್ಲ. ಊಟದ ತುತ್ತು ಬಾಯಿಗೆ ಹೋಗುತ್ತದೋ ಇಲ್ಲವೋ ಎಂದು ಯಾರಾದರೂ ಯೋಚಿಸುತ್ತಾರೆಯೆ? ಈಗ ಕೈ ಮೇಲೆತ್ತುತ್ತೇನೆ, ಬೆರಳುಗಳು ಚೆಂಡನ್ನು ಬಿಡಬೇಕಾದ ಹೊತ್ತಿಗೆ... ಬಿಡುವುದಿಲ್ಲ. ಅಥವಾ ಮೊದಲೇ ಬಿಡುತ್ತವೆ. ಬೆರಳು ನನ್ನದಲ್ಲ ಅನ್ನಿಸುತ್ತದೆ.

ವಿಚಿತ್ರ ಎಂದರೆ, ಎದುರಾಳಿ ಯಾವನಾದರೂ ಎರಡನೇ ಬೇಸ್‌ಗೆ ಕದ್ದು ಓಡಿದರೆ ಅಲ್ಲಿಗೆ ನೆಟ್ಟಗೆ ಎಸೆಯುತ್ತೇನೆ. ಅದು ನೂರಿಪ್ಪತ್ತೇಳು ಅಡಿ. ಇಂದೂ ಇಬ್ಬರನ್ನು ಔಟ್ ಮಾಡಿದೆ.

ಮೇ 27. ಶುಕ್ರವಾರ

ಡೋರೀನ್‌ಗೆ ಹೇಳಿದೆ. ನಗಲಿಲ್ಲ. ಕ್ಯಾಂಟೀನಿನ ಏಪ್ರನ್ ಕೂಡ ಬಿಚ್ಚದೆ ಗ್ಲೌಸ್ ಹುಡುಕಿ ತಂದಳು.

"ಬಾ ಹಿತ್ತಿಲಿಗೆ. ನಂಗೆ ಎಸಿ."

ಎಸೆದೆ. ಎಂಬತ್ತು ಸಲ. ಎಂಬತ್ತೂ ಅವಳ ಎದೆಗೆ ನೇರ. ಪಕ್ಕದ ಮನೆಯ ಅಜ್ಜಿ ಬಟ್ಟೆ ಒಣಹಾಕುತ್ತಾ ನಮ್ಮನ್ನೇ ನೋಡುತ್ತಿದ್ದಳು.

"ಏನೂ ಆಗಿಲ್ಲ ನಿಂಗೆ," ಅಂದಳು ಡೋರೀನ್. "ನಾಳೆ ಆ ಹುಡುಗನ ಮುಖದ ಬದ್ಲು ನನ್ನ ಮುಖ ಇದೆ ಅಂದ್ಕೋ."

"ಅವನಿಗೆ ಮೀಸೆ ಇದೆ."

"ನಂಗೂ ಬರ್ತಾ ಇದೆ, ನಿನ್ನ ಜೊತೆ ಊರೂರು ಅಲೆದು."

ನಗು ಬಂತು. ಬಹಳ ದಿನದ ಮೇಲೆ.

ಮೇ 28. ಶನಿವಾರ

ಅವಳ ಮುಖ ಅಂದುಕೊಂಡೆ. ಆರು ಸಲ ತಪ್ಪಿತು.

ಜೂನ್ 4. ಶನಿವಾರ

ಉಪಾಯಗಳು:
ಮಂಡಿಯೂರಿ ಎಸೆಯುವುದು. ಎರಡು ದಿನ ನಡೆಯಿತು.
ಪ್ರತಿ ಸಲ ಪಿಚರ್ ನಿಲ್ಲುವ ದಿಬ್ಬದ ಅರ್ಧ ದಾರಿಯವರೆಗೆ ನಡೆದು ಕೈಗೆ ಕೊಡುವುದು. ಅಂಪೈರ್ ಸಿಡುಕಿದ — "ಮದುವೆ ಮೆರವಣಿಗೆ ಅಲ್ಲ ಇದು, ಬೇಗ ಮಾಡು."
ಮೂರನೇ ಬೇಸ್‌ನಲ್ಲಿ ನಿಲ್ಲುವ ಟೂಮಿಗೆ ಎಸೆಯುವುದು, ಅವನು ಎಲಾಡಿಯೊಗೆ ಕೊಡುವುದು. ಟೂಮಿ ಒಳ್ಳೆಯವನು. "ನಂಗೇನು, ಸುಮ್ನೆ ನಿಂತಿರೋದಕ್ಕಿಂತ ವಾಸಿ," ಅಂದ. ಈಗ ಇದೇ ನಡೆಯುತ್ತಿದೆ.

ಎದುರಾಳಿಗಳ ಬೆಂಚಿನಿಂದ ಕೂಗು: "ಪೋಸ್ಟ್ ಮಾಡ್ಬಿಡೋ ಮಾರಾಯ, ಸೋಮವಾರದ ಹೊತ್ತಿಗೆ ತಲುಪುತ್ತೆ."

ಅದು ಸಹಿಸಬಹುದು. ಇಂದು ಮಧ್ಯಾಹ್ನದ ಆಟಕ್ಕೆ ಯಾವುದೋ ಚರ್ಚಿನ ಹೆಂಗಸರು ಬಸ್ಸು ಮಾಡಿಕೊಂಡು ಬಂದಿದ್ದರು. ನನ್ನ ಪಾಡು ನೋಡಿ ಮರುಕ ಹುಟ್ಟಿರಬೇಕು. ಚೆಂಡು ಸರಿಯಾಗಿ ಪಿಚರ್‌ನ ಕೈ ಸೇರಿದಾಗಲೆಲ್ಲ ಚಪ್ಪಾಳೆ ತಟ್ಟಿದರು. ಬೈಗುಳವೇ ಎಷ್ಟೋ ವಾಸಿ.

ಜೂನ್ 11. ಶನಿವಾರ

ಇಂದಿನದು ಬರೆಯಬಾರದು ಅಂದುಕೊಂಡೆ. ಬರೆಯುತ್ತೇನೆ.

ಎಂಟನೇ ಇನ್ನಿಂಗ್ಸ್, 2–2. ಎಲಾಡಿಯೊ ಆಡಿದ ಅತ್ಯುತ್ತಮ ಆಟ ಇದು. ಇಬ್ಬರು ಔಟಾಗಿದ್ದರು, ಮೂರನೇ ಬೇಸ್‌ನಲ್ಲಿ ಎದುರಾಳಿಗಳ ಒಬ್ಬ ಓಟಗಾರ; ನಾನಿರುವಲ್ಲಿಗೆ ಓಡಿಬಂದರೆ ಅವರಿಗೊಂದು ರನ್. ಟೂಮಿ ಅವನನ್ನು ಕಾಯಬೇಕು, ಟೂಮಿಗೆ ಎಸೆಯುವ ಹಾಗಿಲ್ಲ. ಎಲಾಡಿಯೊ ಎಸೆದ, ಬ್ಯಾಟರ್‌ಗೆ ಸಿಗಲಿಲ್ಲ, ಸ್ಟ್ರೈಕ್. ಚೆಂಡು ನನ್ನ ಕೈಯಲ್ಲಿ. ಓಟಗಾರ ನನ್ನನ್ನೇ ನೋಡುತ್ತಿದ್ದ. ಅವನಿಗೆ ಗೊತ್ತಿತ್ತು. ಮೈದಾನದಲ್ಲಿ ಎಲ್ಲರಿಗೂ ಗೊತ್ತಿತ್ತು.

ಎಸೆದೆ. ಎಲಾಡಿಯೊ ಹಾರಿದ, ಗ್ಲೌಸಿನ ತುದಿಗೂ ಸಿಗಲಿಲ್ಲ. ಓಟಗಾರ ಓಡಲೂ ಇಲ್ಲ, ನಡೆದುಕೊಂಡು ಬಂದ ಎನ್ನಬಹುದು. 3–2. ಸೋತೆವು. ಲೆಕ್ಕದಲ್ಲಿ ಸೋಲು ಪಿಚರ್ ಹೆಸರಿಗೆ, ಎಲಾಡಿಯೊ ಹೆಸರಿಗೆ.

ಲಾಕರ್ ರೂಮಿನಲ್ಲಿ ಬೂಟು ಬಿಚ್ಚುತ್ತಿದ್ದೆ. ಎಲಾಡಿಯೊ ಬಂದು ಪಕ್ಕದಲ್ಲಿ ಕೂತ. ನನ್ನನ್ನು ಮುದುಕಪ್ಪ ಎಂದು ಕರೆಯುತ್ತಾನೆ.

"ಮುದುಕಪ್ಪಾ. ಚೆಂಡು ಮೇಲೆ ಬಂದ್ರೆ ನಾನು ಇನ್ನೂ ಮೇಲೆ ಹಾರ್ತೀನಿ. ನೀನು ಎಸಿ. ಹೆದರ್ಬೇಡ."

ಅವನು ಬೈದಿದ್ದರೆ ಒಳ್ಳೆಯದಿತ್ತು. ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಜೂನ್ 16. ಗುರುವಾರ

ತಂಡದ ಡಾಕ್ಟರು. ಭುಜದ ಎಕ್ಸ್‌ರೇ, ಮಣಿಕಟ್ಟಿನ ಎಕ್ಸ್‌ರೇ, ಕಣ್ಣಿನ ಪರೀಕ್ಷೆ. ಎಲ್ಲ ಸರಿಯಾಗಿದೆಯಂತೆ.

"ಈ ವಯಸ್ಸಿನ ಕ್ಯಾಚರ್‌ಗೆ ಇಷ್ಟು ಒಳ್ಳೆ ಭುಜ ನಾನು ನೋಡಿಲ್ಲ," ಅಂದರು. ಖುಷಿಯ ಸುದ್ದಿ ಕೊಟ್ಟೆ ಎಂದುಕೊಂಡರೇನೋ.

ಏನಾದರೂ ಮುರಿದಿದ್ದರೆ ಎಷ್ಟು ಚೆನ್ನಾಗಿತ್ತು. ಮುರಿದದ್ದು ಕೂಡುತ್ತದೆ.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ನೆಬ್ರಾಸ್ಕದ ನಮ್ಮೂರಲ್ಲಿ ಆಲಿಕಲ್ಲು ಬಿದ್ದಿದೆಯಂತೆ. ಸ್ಕೂಲ್ ಬಸ್ಸಿನ ಗಾಜು ಒಡೆದಿದೆಯಂತೆ. ಆಟ ಹೇಗೆ ನಡೀತಿದೆ ಅಂದರು. ಚೆನ್ನಾಗಿ ಅಂದೆ.

ಜೂನ್ 17. ಶುಕ್ರವಾರ

ಮ್ಯಾನೇಜರ್ ಟ್ಯಾಗರ್ಟ್ ಕರೆದರು. ನಾವೆಲ್ಲ ಸ್ಕಿಪ್ ಅನ್ನುತ್ತೇವೆ. ಅರವತ್ತೆರಡು ವರ್ಷ, ಅದರಲ್ಲಿ ನಲವತ್ತು ತಂಡದ ಬಸ್ಸಿನಲ್ಲೇ ಕಳೆದವರು. ಬಾಗಿಲು ಹಾಕು ಅಂದರು.

"ಹಿಂದೆ ಒಬ್ಬನಿಗೆ ಹೀಗಾಗಿದ್ದು ನೋಡಿದ್ದೀನಿ. ನನ್ನ ಜೊತೇನೇ ಆಡ್ತಿದ್ದ."

"ಸರಿಹೋಯ್ತಾ ಅವನಿಗೆ?"

"ಪೆಟ್ರೋಲ್ ಬಂಕ್ ಇಟ್ಕೊಂಡ. ಚೆನ್ನಾಗಿ ನಡೀತು."

ಆಮೇಲೆ ಅವರೇ, ಧ್ವನಿ ತಗ್ಗಿಸಿ: "ಮೇಲಿನವ್ರಿಗೆ ವಾರ ವಾರ ವರದಿ ಬರೀತೀನಲ್ಲ, ಅದ್ರಲ್ಲಿ ಇದರ ಬಗ್ಗೆ ಒಂದಕ್ಷರ ಹಾಕಿಲ್ಲ. ಕಾರ್ವೆಲ್‌ನಲ್ಲಿ ಆಗೋದು ಕಾರ್ವೆಲ್‌ನಲ್ಲೇ ಇರ್ಲಿ. ಹೋಗು, ಕಾಲಿಗೆ ಐಸ್ ಇಟ್ಕೋ."

ಜುಲೈ 5. ಮಂಗಳವಾರ, ಮಧ್ಯಾಹ್ನ

ಹದಿನೆಂಟು ದಿನ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ಟೂಮಿಗೆ ಎಸೆದೆ, ಟೂಮಿ ಕೊಟ್ಟ. ಅಷ್ಟೇ.

ಇಂದು ಹನ್ನೊಂದು ಗಂಟೆಗೆ ಸ್ಕಿಪ್ ಆಫೀಸಿಗೆ ಕರೆಸಿದರು. ಫೋನ್ ಅವರ ಕಿವಿಯಲ್ಲಿತ್ತು. ಕೂತುಕೋ ಎಂದು ಕೈಸನ್ನೆ ಮಾಡಿದರು. ನಾನು ನಿಂತೇ ಇದ್ದೆ.

ಮೇಲಿನ ತಂಡದ ಎರಡನೇ ಕ್ಯಾಚರ್‌ನ ಹೆಬ್ಬೆರಳು ಮುರಿದಿದೆ. ಎಲಾಡಿಯೊನನ್ನು ಮೇಲೆ ಕರೆದಿದ್ದಾರೆ, ಭಾನುವಾರ ಆಡಿಸುತ್ತಾರೆ, ಅವನ ಮೊದಲ ದೊಡ್ಡ ಆಟ. ಅವನು ಮುದುಕಪ್ಪನೇ ಬೇಕು ಅಂದಿದ್ದಾನೆ. ಮೇಲಿನವರು ಒಪ್ಪಿದ್ದಾರೆ. ಎರಡು ವಾರಕ್ಕೆ ಮಾತ್ರ, ಆದರೆ ಎರಡು ವಾರ. ಒಂಬತ್ತು ವರ್ಷದಲ್ಲಿ ಎರಡು ದಿನಕ್ಕೂ ಕರೆದಿರಲಿಲ್ಲ.

ಸ್ಕಿಪ್ ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದರು.

"ಹಾರ್ಟ್‌ವಿಗ್ ಕೈ ಹೇಗಿದೆ ಅಂತ ಕೇಳ್ತಿದ್ದಾರೆ. ಏನ್ ಹೇಳ್ಲಿ, ಲೈಲ್?"

ಮೇಜಿನ ಮೇಲೆ ಅರ್ಧ ತಿಂದ ಸ್ಯಾಂಡ್‌ವಿಚ್ ಇತ್ತು. ಫ್ಯಾನು ತಿರುಗುತ್ತಿತ್ತು.

"ನಿಜ ಹೇಳಿ," ಅಂದೆ.

"ಇನ್ನೊಂದ್ಸಲ ಯೋಚ್ನೆ ಮಾಡು."

"ಹೇಳ್ಬಿಡಿ ಸ್ಕಿಪ್."

ಅವರು ಅಂಗೈ ತೆಗೆಯಲು ಬಹಳ ಹೊತ್ತು ತೆಗೆದುಕೊಂಡರು. ಆಮೇಲೆ ಹೇಳಿದರು. ಎಲ್ಲ ಹೇಳಲಿಲ್ಲ. "ಈಗ ಅವನ ಎಸೆತ ಸರಿ ಇಲ್ಲ. ಮ್ರಾಝ್‌ನ ತಗೊಳ್ಳಿ," ಅಂದರು. ಮ್ರಾಝ್ ಎಂದರೆ ನನ್ನ ಬದಲಿಗೆ ಕೂರುವವನು, ಇಪ್ಪತ್ತೆರಡು ವರ್ಷ. ಇಷ್ಟಕ್ಕೆ ಮುಗಿಯಿತು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ.

ಹೊರಗೆ ಟೂಮಿ ಸಿಕ್ಕಿದ. ಏನು ಅಂದ. ಹೇಳಿದೆ. "ನನ್ನ ಕೇಳಿದ್ರೆ ಸುಳ್ಳು ಹೇಳ್ತಿದ್ದೆ," ಅಂದ. ಆಮೇಲೆ, "ಹುಡುಗನ ಮೊದಲ ಆಟ ಹಾಳಾಗ್ಬಾರ್ದು ಅಂತ ಅಲ್ವಾ?" ಅಂದ.

ಹೌದು ಅಂದೆ.

ಜುಲೈ 6. ಬುಧವಾರ

ಡೋರೀನ್‌ಗೆ ನಿನ್ನೆ ಹೇಳಲು ಆಗಲಿಲ್ಲ. ಇಂದು ಮೂರು ಗಂಟೆಗೆ ಆಸ್ಪತ್ರೆ ಬಾಗಿಲಿಗೆ ಹೋಗಿ ನಿಂತೆ. ಕಾರಿನಲ್ಲಿ ಹೇಳಿದೆ. ಅವಳು ಸೀಟು ಬೆಲ್ಟು ಎಳೆದುಕೊಳ್ಳುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿದಳು.

"ನನ್ನ ಕೇಳಿದ್ಯಾ?"

"ಫೋನ್ ಹಿಡ್ಕೊಂಡು ಕಾಯ್ತಿದ್ರು."

"ಹತ್ತು ನಿಮಿಷ ಬಿಟ್ಟು ಮಾಡ್ತೀನಿ ಅನ್ನೋಕೆ ಬರಲ್ವಾ ಆ ಮನುಷ್ಯನಿಗೆ?"

ಕಾರಿನ ಕೀಲಿ ತಿರುಗಿಸಿದೆ.

"ಮದುವೆಯಾಗಿ ಏಳು ವರ್ಷ ಲೈಲ್. ಹನ್ನೊಂದು ಬಾಡಿಗೆ ಮನೆ. ನರ್ಸಿಂಗ್ ಕೋರ್ಸ್ ಎರಡು ಸಲ ಅರ್ಧಕ್ಕೆ ಬಿಟ್ಟೆ — ಒಂದ್ಸಲ ನಿನ್ನ ಮೇಲೆ ಕಳಿಸ್ತಾರೆ ಅಂತ, ಇನ್ನೊಂದ್ಸಲ ಕೆಳಗೆ ಕಳಿಸಿದ್ರು ಅಂತ. ನಾನು ಯಾವತ್ತಾದ್ರೂ ಗೊಣಗಿದ್ದೀನಾ?"

"ಇಲ್ಲ."

"ಹೋಗಿ ಎಲ್ಲರ ಎದುರಿಗೆ ನೂರು ಸಲ ತಪ್ಪು ಎಸೆದಿದ್ರೂ ನಾನು ಅಲ್ಲೇ ಕೂತ್ಕೊಂಡು ನೋಡ್ತಿದ್ದೆ. ನೋಡೋ ಹಕ್ಕು ನಂಗಿತ್ತು."

ಕಾರು ಓಡಿಸಿದೆ. ಎರಡು ಸಿಗ್ನಲ್ ದಾಟಿದ ಮೇಲೆ ಬೆಲ್ಟು ಹಾಕಿಕೊಂಡಳು.

ಜುಲೈ 10. ಭಾನುವಾರ

ರೇಡಿಯೊದಲ್ಲಿ ಕೇಳಿದೆವು. ನಮಗಿಂದು ರಜೆ. ಟೂಮಿಯ ಬಾಡಿಗೆ ಮನೆಯ ಜಗಲಿಯಲ್ಲಿ ಒಂಬತ್ತು ಜನ, ಒಂದು ರೇಡಿಯೊ. ಡೋರೀನ್ ಬರಲಿಲ್ಲ.

ಎಲಾಡಿಯೊ ಎಸೆದದ್ದು ಏಳು ಇನ್ನಿಂಗ್ಸ್, ಬಿಟ್ಟುಕೊಟ್ಟದ್ದು ಒಂದೇ ರನ್. ಗೆದ್ದ, 4–1. ಎಲ್ಲರೂ ಕುಣಿದರು. ನಾನೂ. ಖುಷಿ ಸುಳ್ಳಲ್ಲ, ಅದನ್ನು ಬರೆದಿಡಬೇಕು. ಆರನೇ ಇನ್ನಿಂಗ್ಸ್‌ನಲ್ಲಿ ಎಡಗೈ ಬ್ಯಾಟರ್‌ಗೆ ಹೊರಗೆ ನಿಧಾನದ ಚೆಂಡು ಹಾಕಿ ಔಟ್ ಮಾಡಿದ. ಅದು ನಾನು ಏಪ್ರಿಲ್‌ನಲ್ಲಿ ಕಲಿಸಿದ್ದು. ಯಾವ ಚೆಂಡು ಹಾಕಬೇಕೆಂದು ಸನ್ನೆ ಮಾಡುವವನು ಕ್ಯಾಚರ್ ತಾನೇ, ರೇಡಿಯೊದವನು ಮ್ರಾಝ್‌ನ ಬುದ್ಧಿವಂತಿಕೆ ಅಂದ.

ಸಂಜೆ ಮನೆಗೆ ಫೋನ್. ಎಲಾಡಿಯೊ. ಹಿಂದೆ ಗದ್ದಲ.

"ಮುದುಕಪ್ಪಾ, ಕೇಳಿದ್ಯಾ?"

"ಪ್ರತಿ ಚೆಂಡೂ ಕೇಳ್ದೆ."

"ನೀನು ಯಾಕೆ ಬರಲಿಲ್ಲ? ನಾನು ನಿನ್ನ ಕೇಳಿದೆ. ನಿನ್ನನ್ನೇ ಕೇಳಿದೆ. ಅವ್ರು ಏನೂ ಹೇಳ್ಲಿಲ್ಲ."

"ಮೊಣಕಾಲು ಕಣೋ," ಅಂದೆ.

"ಮೊಣಕಾಲು," ಅಂದ. ನಂಬಿದನೋ ಇಲ್ಲವೋ. ಆ ಕಡೆ ಯಾರೋ ಅವನನ್ನು ಕರೆದರು.

ಜುಲೈ 14. ಗುರುವಾರ

ಇದನ್ನು ಹೇಗೆ ಬರೆಯಲಿ.

ಐದನೇ ಇನ್ನಿಂಗ್ಸ್. ಹೊಸ ಪಿಚರ್, ಹೆಸರು ಕೂಡ ನನಗೆ ಸರಿಯಾಗಿ ಬಾಯಿಗೆ ಹತ್ತಿಲ್ಲ. ಇದ್ದಕ್ಕಿದ್ದಂತೆ ಟೂಮಿ ನನ್ನ ಕಡೆಗೆ ಗ್ಲೌಸ್ ಚಾಚಿ, ಬಾಯಿ ತೆರೆದು ನಿಂತಿರುವುದು ಕಂಡಿತು. ಆಗ ಗೊತ್ತಾಯಿತು — ಸ್ವಲ್ಪ ಹೊತ್ತಿನಿಂದ ನಾನು ಅವನಿಗೆ ಎಸೆಯುತ್ತಲೇ ಇಲ್ಲ. ನೇರವಾಗಿ ಪಿಚರ್‌ಗೆ ಎಸೆಯುತ್ತಿದ್ದೇನೆ. ಎಲ್ಲವೂ ತಲುಪುತ್ತಿವೆ.

ಗೊತ್ತಾದ ಮೇಲೆ ಈ ಹದ ಹೋಗುತ್ತದೆ ಅಂದುಕೊಂಡೆ. ಬೆವರಿದೆ. ಹೋಗಲಿಲ್ಲ. ಆಟ ಮುಗಿಯುವವರೆಗೆ ಒಂದೂ ತಪ್ಪಲಿಲ್ಲ. ಮೊದಲಿನ ಹಾಗೆ, ಮೇ ತಿಂಗಳಿಗೆ ಮೊದಲಿನ ಹಾಗೆ, ಕೈಯಿಂದ ತಾನಾಗಿ ಬಿಟ್ಟು ಹೋಗುತ್ತಿತ್ತು.

ಆ ಕಾಟ ಬಂದದ್ದು ಏಕೆ ಗೊತ್ತಿಲ್ಲ. ಹೋದದ್ದು ಏಕೆ ಗೊತ್ತಿಲ್ಲ. ಒಂಬತ್ತು ದಿನ. ಒಂಬತ್ತು ದಿನ ಮೊದಲೇ ಹೋಗಬಾರದಿತ್ತೇ?

ಸ್ಕಿಪ್ ಹಾದುಹೋಗುವಾಗ ತೋಳು ಮುಟ್ಟಿದರು. "ನೋಡಿದೆ. ಬಾಯಿ ಬಿಡ್ಬೇಡ," ಅಂದರು, ಅದು ಮೈದಾನಕ್ಕೆ ಹಾರಿ ಬಂದ ಹಕ್ಕಿಯೇನೋ, ಮಾತಾಡಿದರೆ ಎದ್ದು ಹೋಗುತ್ತದೇನೋ ಎನ್ನುವ ಹಾಗೆ.

ಮನೆಯಲ್ಲಿ ಡೋರೀನ್‌ಗೆ ಹೇಳಿದೆ. ಅವಳು ತೊಳೆಯುತ್ತಿದ್ದ ತಟ್ಟೆಯನ್ನು ಕೆಳಗಿಟ್ಟು ಕುರ್ಚಿಯಲ್ಲಿ ಕೂತಳು. ಅತ್ತಳು. ನನಗೆ ಸಮಾಧಾನ ಮಾಡುವುದೋ, ಪಕ್ಕದಲ್ಲಿ ಕೂತು ನಾನೂ ಅಳುವುದೋ ತಿಳಿಯಲಿಲ್ಲ. ತಟ್ಟೆ ಒರೆಸಿ ಇಟ್ಟೆ.

ಜುಲೈ 22. ಶುಕ್ರವಾರ

ಎಂಟು ದಿನ. ಒಂದೂ ತಪ್ಪಿಲ್ಲ. ಸ್ಕಿಪ್ ಇಂದು ಮೇಲಕ್ಕೆ ಫೋನ್ ಮಾಡಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಗೋಡೆ ತೆಳ್ಳಗಿದೆ.

"ಸರಿಹೋಗಿದೆ ಅಂತ ಹೇಳ್ತಿದ್ದೀನಲ್ಲ... ಇಲ್ಲ, ನಾನು ಪ್ರತಿ ದಿನ ನೋಡ್ತಿದ್ದೀನಿ... ಗೊತ್ತು, ಮ್ರಾಝ್ ಚೆನ್ನಾಗಿ ಹೊಡೀತಿದ್ದಾನೆ ಅಂತ ಗೊತ್ತು... ಅವನಿಗಿಂತ ಒಳ್ಳೆ ತಲೆ ಇವನದ್ದು... ವಯಸ್ಸು ನಂಗೂ ಲೆಕ್ಕ ಹಾಕೋಕೆ ಬರುತ್ತೆ ಸ್ವಾಮಿ..."

ಹೊರಗೆ ಬಂದು ನನ್ನ ಪಕ್ಕ ಕೂತರು. ಮಾತಿನ ಅಗತ್ಯವಿರಲಿಲ್ಲ. ಆದರೂ ಹೇಳಿದರು.

"ಒಂದ್ಸಲ ಹೀಗಾದವನಿಗೆ ಇನ್ನೊಂದ್ಸಲ ಆಗುತ್ತೆ ಅಂತಾರೆ. ನಾನೇ ಹೇಳಿದ್ದಲ್ವಾ ಸರಿ ಇಲ್ಲ ಅಂತ. ನನ್ನ ಮಾತನ್ನೇ ನಂಗೆ ತಿರುಗಿಸಿ, ಬೇಡ ಅಂದ್ರು."

"ನಾನೇ ಹೇಳ್ಸಿದ್ದು, ಸ್ಕಿಪ್."

"ಹೌದು. ನೀನೇ ಹೇಳ್ಸಿದ್ದು." ಕೋಪವಿರಲಿಲ್ಲ.

ಆಗಸ್ಟ್ 30. ಮಂಗಳವಾರ

ಟೈಪ್ ಮಾಡಿದ ಪತ್ರ. ನಾಲ್ಕು ಸಾಲು. ಸೀಸನ್ ಮುಗಿದ ಮೇಲೆ ನನ್ನನ್ನು ತಂಡದಿಂದ ಬಿಡುಗಡೆ ಮಾಡುತ್ತಾರೆ. ಒಂಬತ್ತು ವರ್ಷದ ಸೇವೆಗೆ ಧನ್ಯವಾದ. ಹಾರ್ಟ್‌ವಿಗ್ ಎನ್ನುವುದರಲ್ಲಿ ಒಂದು ಅಕ್ಷರ ತಪ್ಪಿದೆ.

ಬೇರೆ ತಂಡಗಳಿಗೆ ಸ್ಕಿಪ್ ಫೋನ್ ಮಾಡಿ ನೋಡಿದರಂತೆ, ನನಗೆ ಹೇಳದೆ. ಎಲ್ಲ ಕಡೆ ಸುದ್ದಿ ತಲುಪಿದೆ. ಕೈ ಸರಿ ಇಲ್ಲದವನು.

ಇಂದಿನ ಆಟದಲ್ಲಿ ನೂರಹದಿನಾರು ಸಲ ಎಸೆದೆ. ಎಣಿಸಿದೆ. ನೂರಹದಿನಾರೂ ಸರಿಯಾಗಿ ಹೋದವು.

ಸೆಪ್ಟೆಂಬರ್ 1. ಗುರುವಾರ, ಬೆಳಿಗ್ಗೆ

ಕೊನೆಯ ಆಟ ನಿನ್ನೆ ಮುಗಿಯಿತು. ಸೋತೆವು. ಟೂಮಿ ಅಪ್ಪಿಕೊಂಡು, "ಇನ್ನು ಮೇಲೆ ನಂಗೆ ಯಾರು ಎಸೀತಾರೋ," ಅಂದ. ಸ್ಕಿಪ್ ಕೈ ಕುಲುಕಿ ಬೇಗ ಒಳಗೆ ಹೋದರು.

ಮನೆ ಖಾಲಿ ಮಾಡಿದ್ದೇವೆ. ಪೆಟ್ಟಿಗೆಗಳು ಕಾರಿನಲ್ಲಿವೆ. ನೆಬ್ರಾಸ್ಕದಲ್ಲೇ, ಓಮಾಹಾದ ನರ್ಸಿಂಗ್ ಶಾಲೆ ಡೋರೀನ್‌ಗೆ ಮೂರನೇ ಸಲ ಸೀಟು ಕೊಟ್ಟಿದೆ, ಹನ್ನೆರಡನೇ ತಾರೀಕಿನಿಂದ ತರಗತಿ. ನಾನು ಏನು ಮಾಡುತ್ತೇನೋ ಗೊತ್ತಿಲ್ಲ. ಅಪ್ಪ ಊರಿನ ಸ್ಕೂಲ್ ಬಸ್ಸಿಗೆ ಡ್ರೈವರ್ ಬೇಕಂತೆ ಅಂದರು. ಆಗಲಿ ಅಂದೆ.

ಬೆಳಿಗ್ಗೆ ಖಾಲಿ ಅಡುಗೆಮನೆಯಲ್ಲಿ ನಿಂತೇ ಕಾಫಿ ಕುಡಿದೆವು. ಇದ್ದದ್ದು ಒಂದೇ ಲೋಟ, ಮಿಕ್ಕವು ಕಟ್ಟಿಟ್ಟಾಗಿತ್ತು. ಆಗ ಕೇಳಿದಳು. ಎರಡು ತಿಂಗಳಿಂದ ಇಟ್ಟುಕೊಂಡಿದ್ದ ಮಾತು ಇರಬೇಕು. ಸಿಟ್ಟಿರಲಿಲ್ಲ.

"ಒಂದು ಕೇಳ್ತೀನಿ, ನಿಜ ಹೇಳು. ಆವತ್ತು ಆಫೀಸಲ್ಲಿ ಆ ಹುಡುಗನಿಗೋಸ್ಕರ ಹೇಳಿದ್ಯಾ? ಇಲ್ಲಾ ಹೆದರಿ ಹೇಳಿದ್ಯಾ?"

ಬಾಯಿ ತೆರೆದೆ. ಟೂಮಿಗೆ ಹೇಳಿದ್ದೇ ಬಂತು ನಾಲಿಗೆಗೆ. ಅವಳು ಕೈ ಅಡ್ಡ ತಂದಳು.

"ಈಗ್ಲೇ ಬೇಡ. ನನ್ನ ಮುಖ ನೋಡ್ಕೊಂಡು ನೀನು ಸರಿಯಾಗಿ ಹೇಳಲ್ಲ. ನಾನು ಪೆಟ್ರೋಲ್ ಹಾಕಿಸ್ಕೊಂಡು ಬರ್ತೀನಿ. ಆ ಪುಸ್ತಕದಲ್ಲಿ ಏನೋ ಬರೀತಿರ್ತೀಯಲ್ಲ, ಅದರಲ್ಲಿ ಬರೆದಿಡು. ದಾರೀಲಿ ಓದ್ತೀನಿ. ಏನಿದ್ರೂ ನಿನ್ನ ಜೊತೆನೇ ಬರ್ತೀನಿ, ಅದಕ್ಕೇನೂ ಅಲ್ಲ. ಗೊತ್ತಿರ್ಬೇಕು ಅಷ್ಟೇ."

ಮೆಟ್ಟಿಲ ಮೇಲೆ ಕೂತಿದ್ದೇನೆ. ಪಕ್ಕದ ಮನೆಯ ಅಜ್ಜಿ ಕೈ ಬೀಸಿದಳು. ಬಂಕ್ ದೂರವಿಲ್ಲ, ಡೋರೀನ್ ಹತ್ತು ನಿಮಿಷದಲ್ಲಿ ಬಂದುಬಿಡುತ್ತಾಳೆ.

ಬರೆಯುತ್ತೇನೆ.

ಸ್ಕಿಪ್ ಫೋನಿಗೆ ಅಂಗೈ ಅಡ್ಡ ಹಿಡಿದು ನನ್ನತ್ತ ನೋಡಿದರು. ಎಲಾಡಿಯೊನ ನೆನಪು ಬಂದದ್ದು ನಿಜ. ಆದರೆ ಅದು ಆಮೇಲೆ. ಅದಕ್ಕಿಂತ ಮೊದಲು, ಅವರು ಕೇಳಿದ ಆ ಕ್ಷಣದಲ್ಲಿ, ನನಗೆ ಅನ್ನಿಸಿದ್ದು ಒಂದೇ: ನಿಜ ಹೇಳಿಬಿಟ್ಟರೆ ಅಷ್ಟು ಜನರೆದುರು ಆ ಅರವತ್ತು ಅಡಿ ಎಸೆಯಬೇಕಾಗಿಲ್ಲ.